ಕೈಟೊಸಾನ್ ಲೇಪನ: ಪುನರ್ವಸು ಮಳೆಯ ಹೊತ್ತಿಗೆ ಎಲ್ಲಿಗೆ ಬಂತು

ತಾಗಿದ ಬ್ಯಾಕ್ಟೀರಿಯಾ ಸಾಯಲೆಂದು ನಾನು, ವಿದ್ಯಾರ್ಥಿಗಳು ಸೇರಿ ಗಾಜಿನ ಸ್ಲೈಡುಗಳ ಮೇಲೆ ಪ್ರಯೋಗಿಸುತ್ತಿರುವ ಕೈಟೊಸಾನ್ ಲೇಪನ ಈಗ ಗಾಜನ್ನು ಬಿಡುತ್ತಿಲ್ಲ. ಮೃಗಶಿರಾ ಮಳೆಯಲ್ಲಿ ಬರೀ ಕೈಟೊಸಾನ್ ಬಳಿದ ಸ್ಲೈಡುಗಳು ತೀರ್ಥಹಳ್ಳಿಯ ಥಂಡಿಗೆ ನೀರು ಕುಡಿದು ಉಬ್ಬಿ, ಉಗುರು ತಾಗಿದರೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತಿದ್ದವು. ಹಾಗಾಗಿ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್ ಎಂಬ, ನೀರಿನಲ್ಲಿ ಕರಗುವ ಪಾಲಿಮರ್) ಬೆರೆಸಿ, ಸ್ವಲ್ಪ ಸಿಟ್ರಿಕ್ ಆಮ್ಲ ಹಾಕಿ, ಓವನ್ನಿನಲ್ಲಿ 120 ಡಿಗ್ರಿಗೆ ಕಾಯಿಸತೊಡಗಿದೆವು. ಆ ಕಾವಿನಲ್ಲಿ ಸಿಟ್ರಿಕ್ ಆಮ್ಲ ಪಾಲಿಮರ್ ಸರಪಳಿಗಳನ್ನು ಒಂದಕ್ಕೊಂದು ಕಟ್ಟುತ್ತದೆ. ಈ ಕಟ್ಟು ಹೆಚ್ಚಾದರೆ ಬ್ಯಾಕ್ಟೀರಿಯಾ ಕೊಲ್ಲಬೇಕಾದ, ಕೈಟೊಸಾನಿನ ಸಾರಜನಕವಿರುವ ಅಮೀನ್ ಗುಂಪುಗಳೇ ಖರ್ಚಾಗಿಬಿಡುತ್ತವೆ. ಆ ಹದ ಇನ್ನೂ ಹುಡುಕುತ್ತಿದ್ದೇವೆ.

ಕೈಟೊಸಾನ್ ಬರುವುದು ಸೀಗಡಿ, ಏಡಿಗಳ ಚಿಪ್ಪಿನಿಂದ. ಸೌಮ್ಯ ಅಸಿಟಿಕ್ ಆಮ್ಲದಲ್ಲಿ ಕರಗಿದಾಗ ಅದರ ಅಮೀನುಗಳು ಧನ ವಿದ್ಯುದಂಶ ಪಡೆಯುತ್ತವೆ. ಬ್ಯಾಕ್ಟೀರಿಯಾದ ಹೊರಮೈ ಋಣ. ಎರಡೂ ಅಂಟಿಕೊಂಡರೆ ಅದರ ಪೊರೆ ಒಡೆಯುತ್ತದೆ.

ಈ ಸಲ ಹೆಚ್ಚು ಹೊತ್ತು ಹಿಡಿದದ್ದು ಒಂದೇ ಪ್ರಶ್ನೆ: ಕೊಲ್ಲುತ್ತಿರುವುದು ಪಾಲಿಮರೋ, ಅದರೊಳಗೆ ಉಳಿದ ಆಮ್ಲವೋ? ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯಲ್ಲಿ ಸ್ಲೈಡಿನ ಸುತ್ತ ಏನೂ ಬೆಳೆಯದ ಬಳೆಯೊಂದು ಕಂಡಾಗ ವಿದ್ಯಾರ್ಥಿಗಳಿಗೆ ತುಂಬಾ ಖುಷಿಯಾಯಿತು. ನನಗೆ ಅನುಮಾನ. ಬಳೆ ಮೂಡಿತೆಂದರೆ ಲೇಪನದಿಂದ ಏನೋ ಸೋರಿ ಹೊರಗೆ ಬರುತ್ತಿದೆ ಎಂದರ್ಥ, ಸೋರುವುದು ಒಂದು ದಿನ ಖಾಲಿಯಾಗಲೇಬೇಕು. ಸ್ಲೈಡುಗಳನ್ನು ತೆಳು ಕ್ಷಾರದಲ್ಲಿ ಅದ್ದಿ, ನೀರಿನಲ್ಲಿ ಚೆನ್ನಾಗಿ ತೊಳೆದೆವು. ಬಳೆ ಹೋಯಿತು. ಜೊತೆಗೆ ಕೊಲ್ಲುವ ಶಕ್ತಿಯೂ ಬಹಳಷ್ಟು ಇಳಿಯಿತು. ಪಿಎಚ್ ಸುಮಾರು 6.5 ದಾಟಿದರೆ ಕೈಟೊಸಾನಿನ ಹೆಚ್ಚಿನ ಅಮೀನುಗಳು ವಿದ್ಯುದಂಶ ಕಳೆದುಕೊಳ್ಳುತ್ತವೆ. ಇಷ್ಟು ದಿನದ ಕೆಲಸದಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಈ ಫಲಿತಾಂಶವೇ, ಏಕೆಂದರೆ ಮುಂದಿನ ದಾರಿ ಇದರಿಂದ ಖಚಿತವಾಯಿತು.

ಆ ದಾರಿ ಕ್ವಾಟರ್ನರಿ ಅಮೋನಿಯಂ, ಅಂದರೆ ಸಾರಜನಕಕ್ಕೆ ನಾಲ್ಕು ಇಂಗಾಲದ ಬಂಧಗಳಿರುವ ಗುಂಪು. ಅದರ ಧನ ವಿದ್ಯುದಂಶ ಪಿಎಚ್ ಎಷ್ಟಿದ್ದರೂ ಕದಲುವುದಿಲ್ಲ. ಅಮೆರಿಕದ ಎಂಐಟಿಯಲ್ಲಿ ಅಲೆಕ್ಸಾಂಡರ್ ಕ್ಲಿಬಾನೊವ್ ತಂಡ ಇಂಥ ಪಾಲಿಮರನ್ನು ಗಾಜಿಗೆ ರಾಸಾಯನಿಕವಾಗಿ ಬೆಸೆದು, ತಾಗಿದ ಬ್ಯಾಕ್ಟೀರಿಯಾ ಸಾಯುವುದನ್ನು 2001ರಲ್ಲೇ ತೋರಿಸಿತ್ತು. 2006ರಲ್ಲಿ ಅದೇ ತಂಡ, ಬಣ್ಣದಂತೆ ಬಳಿಯಬಹುದಾದ ಪಾಲಿಎಥಿಲೀನ್‌ಇಮೀನ್ ಲೇಪನ ಇನ್‌ಫ್ಲುಯೆಂಜಾ ವೈರಸ್ಸನ್ನೂ ಕೊಲ್ಲುತ್ತದೆಂದು ಪ್ರಕಟಿಸಿತು. ಆ ಪ್ರಬಂಧದ ಮೊದಲ ಲೇಖಕ ಜಯಂತ ಹಲ್ದಾರ್ ಮುಂದೆ ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರಕ್ಕೆ ಬಂದು ಇದೇ ಕೆಲಸ ಮುಂದುವರಿಸಿದರು. ಈ ವಿಷಯ ಹೇಳಿದ ದಿನ ಹುಡುಗರ ಮುಖದ ಕಳೆಯೇ ಬೇರೆ.

ವೈರಸ್ ಬಗ್ಗೆ ಮಾತ್ರ ನಾವು ಏನೂ ಹೇಳಿಕೊಳ್ಳುವುದಿಲ್ಲ. ನಮ್ಮಲ್ಲಿ ಪರೀಕ್ಷೆ ನಡೆಯುವುದು ರೋಗ ತರದ ಇ. ಕೋಲಿ ತಳಿಯ ಮೇಲೆ, ಐಎಸ್‌ಒ 22196 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ರಮದಲ್ಲಿ: ದ್ರವದ ಹನಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ, 35 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಉಳಿದ ಜೀವಂತ ಕೋಶಗಳನ್ನು ಎಣಿಸುವುದು. ಇನ್‌ಫ್ಲುಯೆಂಜಾ, ಕೊರೋನಾಗಳಿಗೆ ಕೊಬ್ಬಿನ ಹೊದಿಕೆಯಿದೆ, ಪೋಲಿಯೊ ವೈರಸ್ಸಿಗೆ ಅದಿಲ್ಲ. ಒಂದಕ್ಕೆ ನಡೆದದ್ದು ಇನ್ನೊಂದಕ್ಕೆ ನಡೆಯಬೇಕೆಂದಿಲ್ಲ.

ಇನ್ನೊಂದು ಚಿಂತೆ ನಮ್ಮೂರಿನದೇ. ಲೇಪನ ಹೋಗಬೇಕಾದದ್ದು ಬಾಗಿಲ ಹಿಡಿಕೆಗೆ, ಬಸ್ಸಿನ ಕಂಬಿಗೆ. ಇಲ್ಲಿನ ಅಂಗೈಗಳಲ್ಲಿ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ, ಅಂಟಿರುತ್ತದೆ. ಚೊಗರಿನ ಟ್ಯಾನಿನ್, ಬೆವರಿನ ಪ್ರೋಟೀನ್, ಸೋಪಿನ ಅಂಶ ಎಲ್ಲವೂ ಧನ ವಿದ್ಯುದಂಶಕ್ಕೆ ಅಂಟಿ ಅದನ್ನು ಮುಚ್ಚಿಬಿಡಬಲ್ಲವು. ಆದ್ದರಿಂದ ಕ್ವಾಟರ್ನರಿ ಕೈಟೊಸಾನ್ ಕೈಗೆ ಬಂದ ಕೂಡಲೇ ಅರ್ಧ ಸ್ಲೈಡುಗಳಿಗೆ ಚೊಗರು ಸವರಿ, ಒಣಗಿಸಿ, ಒರೆಸಿ, ಆಮೇಲೆ ಪರೀಕ್ಷೆಗೆ ಇಡುತ್ತೇವೆ. ಉಳಿದರ್ಧ ಶುದ್ಧವಾಗಿಯೇ ಇರುತ್ತವೆ, ಹೋಲಿಕೆಗೆ.