ಕೌದಿ ಬಳಗಕ್ಕೆ ಎಂಥ ಸವಾಲು ಕೊಡಬೇಕು?

ಶಿರಸಿಯಲ್ಲಿ ನಾವು ಕೆಲವರು ಸೇರಿ ಕೌದಿ ಹೊಲಿಯುತ್ತೇವೆಂದು ತಿಳಿದವರು, ಅದರಲ್ಲೂ ತಮ್ಮ ಊರಿನಲ್ಲಿ ಮಹಿಳಾ ಮಂಡಳವನ್ನೋ ಸ್ವಸಹಾಯ ಸಂಘವನ್ನೋ ನಡೆಸುತ್ತಿರುವವರು, ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ನಮ್ಮಲ್ಲಿಯೂ ಹೊಲಿಯುವವರಿದ್ದಾರೆ, ಕೈಯೂ ಪಳಗಿದೆ. ಆದರೆ ಎಲ್ಲರೂ ಒಂದೇ ಮಾದರಿ ನೋಡಿಕೊಂಡು ಒಂದೇ ತರಹ ಹೊಲಿಯುತ್ತಾರೆ. ಸ್ಪರ್ಧೆ ಇಟ್ಟರೆ ಹೊಸತು ಬಂದೀತೇ? ಯಾವ ವಿಷಯ ಕೊಡಬೇಕು?"

ವಿಷಯ ಕೊಡಬೇಡಿ, ಬಹುಮಾನವನ್ನೂ ಇಡಬೇಡಿ, ಒಂದು ಕಟ್ಟು, ಎಂದರೆ ಬಿಗಿಯಾದ ನಿಯಮ, ಹಾಕಿ ಎಂಬುದು ನನ್ನ ಉತ್ತರ. 'ಪ್ರಕೃತಿ' ಎಂದೋ 'ನಮ್ಮ ಮಲೆನಾಡು' ಎಂದೋ ವಿಷಯ ಕೊಟ್ಟರೆ ಎಲ್ಲರಿಗೂ ಮೊದಲು ಹೊಳೆಯುವುದು ನವಿಲು ಮತ್ತು ಗುಡ್ಡಗಳ ನಡುವಿನ ಸೂರ್ಯ. ಬಹುಮಾನವಿದೆಯೆಂದು ತಿಳಿದರೆ ನುರಿತವರು ತಮಗೆ ಬರುವುದನ್ನೇ ಇನ್ನಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ, ಹೊಸಬರು ಸುಮ್ಮನೆ ಹಿಂದೆ ಸರಿಯುತ್ತಾರೆ. ಕಟ್ಟು ಹಾಗಲ್ಲ. ನಮ್ಮ ಕಡೆಯವರಿಗೆ ಇದನ್ನು ತಾಳಮದ್ದಲೆಯ ಮೂಲಕ ಹೇಳುವುದು ಸುಲಭ: ಪ್ರಸಂಗ ಎಲ್ಲರಿಗೂ ಗೊತ್ತಿದ್ದದ್ದೇ, ಪದ್ಯ ಭಾಗವತರು ಹಾಡಿದ್ದೇ, ವೇಷವಿಲ್ಲ, ಕುಣಿತವಿಲ್ಲ, ಅಷ್ಟು ಕಟ್ಟುಗಳ ಒಳಗೇ ಒಬ್ಬ ಅರ್ಥಧಾರಿಯ ಕರ್ಣ ಇನ್ನೊಬ್ಬರ ಕರ್ಣನಂತಿರುವುದಿಲ್ಲ. ಕೌದಿಯಲ್ಲಿಯೂ ಬಟ್ಟೆಯನ್ನೋ ಅಳತೆಯನ್ನೋ ಹೊಲಿಯುವ ಕ್ರಮವನ್ನೋ ಬಿಗಿಯಾಗಿ ಕಟ್ಟಿಹಾಕಿ ಉಳಿದದ್ದನ್ನೆಲ್ಲ ಹೊಲಿಯುವವರಿಗೇ ಬಿಟ್ಟುಬಿಡಬೇಕು.

ಹೊಸದಾಗಿ ಆರಂಭಿಸುವವರಿಗೆ ನಾನು ಯಾವಾಗಲೂ ಹೇಳುವುದು ಒಂದೇ ಬಟ್ಟೆಯ ಸವಾಲು. ಯಾರೂ ತಾವಾಗಿ ಆರಿಸಿಕೊಳ್ಳದಂಥ ಒಂದು ಹತ್ತಿ ಬಟ್ಟೆಯನ್ನು ಕೊಂಡು ಎಲ್ಲರಿಗೂ ಸಮನಾಗಿ ಹಂಚಬೇಕು. ಅಮೆರಿಕದ ಕ್ವಿಲ್ಟ್ ಗಿಲ್ಡುಗಳಲ್ಲಿ, ಎಂದರೆ ಅಲ್ಲಿನ ಕೌದಿ ಹೊಲಿಯುವವರ ಸಂಘಗಳಲ್ಲಿ, ಇದಕ್ಕೆ ಸಾಮಾನ್ಯವಾಗಿ ಫ್ಯಾಟ್ ಕ್ವಾರ್ಟರ್ ಎಂಬ 18 ಇಂಚು ಅಗಲ, 22 ಇಂಚು ಉದ್ದದ ತುಂಡನ್ನು ಕೊಡುತ್ತಾರೆ, ನಮಗೂ ಅಷ್ಟು ಸಾಕು. ಮುಗಿದ ಕೆಲಸದ ಪ್ರತಿ ಬದಿ 18 ಇಂಚು ಇರಬೇಕು, ಕೊಟ್ಟ ಬಟ್ಟೆ ಎದುರು ಮುಖದಲ್ಲಿ ಕಣ್ಣಿಗೆ ಕಾಣಬೇಕು, ಬೇರೆ ಎಷ್ಟು ಬಟ್ಟೆಗಳನ್ನಾದರೂ ಸೇರಿಸಬಹುದು ಎಂಬಷ್ಟೇ ನಿಯಮ. ನಾವು ಒಮ್ಮೆ ಬದನೆ ಬಣ್ಣದ ಮೇಲೆ ದೊಡ್ಡ ದೊಡ್ಡ ಹಳದಿ ಹೂವುಗಳಿದ್ದ ಬಟ್ಟೆಯನ್ನು ಆರಿಸಿದ್ದೆವು. ಒಬ್ಬರು ಹೂವುಗಳನ್ನು ಅರ್ಧ ಇಂಚಿನ ಪಟ್ಟಿಗಳಾಗಿ ಕತ್ತರಿಸಿ, ಹೂವು ಹೂವಾಗಿ ಉಳಿಯದಂತೆ, ಬರಿಯ ಹಳದಿ ಮಿಂಚುಗಳಂತೆ ಕೌದಿಯ ತುಂಬ ಚೆಲ್ಲಿದರು. ಇನ್ನೊಬ್ಬರು ಬಟ್ಟೆಯನ್ನು ಮಗುಚಿ ಹಾಕಿದರು. ಅಚ್ಚು ಹಾಕಿದ ಬಟ್ಟೆಯಲ್ಲಿ ಬಣ್ಣ ಹಿಂಬದಿಗೆ ಪೂರ್ತಿ ಇಳಿದಿರುವುದಿಲ್ಲವಾದ್ದರಿಂದ, ಹೊಚ್ಚಹೊಸ ಬಟ್ಟೆ ಹತ್ತು ವರ್ಷ ಉಟ್ಟ ಸೀರೆಯ ಹಾಗೆ ಮಾಸಲಾಗಿ, ಬಹಳ ಸೊಗಸಾಗಿ ಕಂಡಿತು. ಹಳದಿಯ ಪಕ್ಕದಲ್ಲಿ ಕಣ್ಣಿಗೆ ಹೊಡೆಯುವ ಬದನೆ ಬಣ್ಣವು ಕಡುನೀಲಿಯ ಪಕ್ಕದಲ್ಲಿ ಎಷ್ಟು ತಗ್ಗುತ್ತದೆ ಎಂಬುದನ್ನು ಬಣ್ಣಗಳ ಪಾಠ ಕೇಳಿ ತಿಳಿಯುವುದಕ್ಕಿಂತ, ಬೇಡದ ಬಟ್ಟೆಯೊಂದನ್ನು ಹೇಗಾದರೂ ಒಗ್ಗಿಸಿಕೊಳ್ಳಬೇಕಾಗಿ ಬಂದಾಗ ತಿಳಿಯುವುದು ಹೆಚ್ಚು ಗಟ್ಟಿ. ಇಷ್ಟವಾದ ಬಟ್ಟೆಯ ಎದುರು ನಾವು ಅದನ್ನು ಕತ್ತರಿಸಲು ಹಿಂಜರಿಯುತ್ತೇವೆ. ಇಷ್ಟವಿಲ್ಲದ ಬಟ್ಟೆ ಕತ್ತರಿಗೆ ಧೈರ್ಯ ಕೊಡುತ್ತದೆ.

ಹಂಚುವ ಮೊದಲು ಬಟ್ಟೆಯನ್ನು ತೊಳೆಯಲೇಬೇಕು. ಒಂದು ತುಂಡನ್ನು ಬಿಸಿನೀರಿನಲ್ಲಿ ನೆನೆಸಿ ಬಿಳಿ ಪಂಚೆಯ ಚೂರಿನ ನಡುವೆ ಒತ್ತಿ ನೋಡಿದರೆ ಬಣ್ಣ ಬಿಡುತ್ತದೋ ಇಲ್ಲವೋ ಆಗಲೇ ಗೊತ್ತಾಗುತ್ತದೆ. ಗಾಢ ಕೆಂಪು ಮತ್ತು ಗಾಢ ನೇರಳೆ ಬಟ್ಟೆಗಳ ವಿಷಯದಲ್ಲಿ ಈ ಪರೀಕ್ಷೆಯನ್ನು ಬಿಡಲೇಬಾರದು.

ಅಳತೆಯ ಕಟ್ಟು ಒಂದೇ ಎಷ್ಟು ದೊಡ್ಡ ಕೆಲಸ ಮಾಡಿಸಬಲ್ಲದೆಂಬುದಕ್ಕೆ ಅಮೆರಿಕದ ಏಡ್ಸ್ ಸ್ಮಾರಕ ಕ್ವಿಲ್ಟಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಆ ಕಾಯಿಲೆಯಿಂದ ತೀರಿಕೊಂಡ ಒಬ್ಬೊಬ್ಬರ ನೆನಪಿಗೂ ಅವರ ಮನೆಯವರು ಅಥವಾ ಸ್ನೇಹಿತರು 3 ಅಡಿ ಅಗಲ, 6 ಅಡಿ ಉದ್ದದ ಒಂದು ಪಟ್ಟಿಯನ್ನು ಹೊಲಿದರು. ಅಂಥ ಎಂಟು ಪಟ್ಟಿಗಳನ್ನು ಜೋಡಿಸಿದರೆ 12 ಅಡಿಯ ಚೌಕವಾಗುತ್ತದೆ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಬಾರಿ ಹಾಸಿದಾಗ ಅದರಲ್ಲಿ 1,920 ಪಟ್ಟಿಗಳಿದ್ದವು. ಹೊಲಿಗೆ ಬಾರದವರೂ ಅದರಲ್ಲಿ ಕೈ ಹಾಕಿದ್ದರು, ತೀರಿಕೊಂಡವರ ಅಂಗಿಯನ್ನೇ ತಂದು ಹಚ್ಚಿದವರಿದ್ದರು. ಎಲ್ಲರೂ ಹೇಗೆ ಹೊಲಿಯಬೇಕೆಂದು ಯಾರಾದರೂ ಮಾದರಿ ಹಾಕಿಕೊಟ್ಟಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ ಎಂದು ನಾನು ನಂಬುತ್ತೇನೆ.

ಬಳಗಕ್ಕೆ ಸ್ವಲ್ಪ ಅನುಭವ ಬಂದ ಮೇಲೆ ರೌಂಡ್ ರಾಬಿನ್ ಮಾಡಬಹುದು. ಪ್ರತಿಯೊಬ್ಬರೂ 12 ಇಂಚಿನ ಒಂದು ನಡುಚೌಕವನ್ನು ಹೊಲಿದು ಚೀಲದಲ್ಲಿ ಹಾಕಿ ಮುಂದಿನವರಿಗೆ ಕೊಡುತ್ತಾರೆ. ಅವರು ಸುತ್ತಲೂ 3 ಇಂಚಿನ ಅಂಚು ಸೇರಿಸಿ ಇನ್ನೊಬ್ಬರಿಗೆ ದಾಟಿಸುತ್ತಾರೆ. ಹೀಗೆ 12 ಇಂಚಿನದು 18, 24, 30 ಎಂದು ಬೆಳೆಯುತ್ತ ಹೋಗುತ್ತದೆ. ಹಿಂದಿನವರು ಹೊಲಿದದ್ದನ್ನು ಬಿಚ್ಚುವಂತಿಲ್ಲ, ಮೂಲ ಒಡತಿ ಕೊನೆಯ ದಿನದವರೆಗೆ ನೋಡುವಂತಿಲ್ಲ. ಇದರಲ್ಲಿ ಬಳಗದ ತಾಳ್ಮೆಯಷ್ಟೇ ಅಳತೆಯ ಶಿಸ್ತೂ ಪರೀಕ್ಷೆಗೆ ಒಳಗಾಗುತ್ತದೆ. ಮಾರ್ಜಿನ್, ಎಂದರೆ ಹೊಲಿಗೆಯಿಂದ ಬಟ್ಟೆಯ ಅಂಚಿನವರೆಗಿನ ಜಾಗ, ಕಾಲು ಇಂಚು ಎಂದು ಎಲ್ಲರೂ ಒಪ್ಪಿಕೊಂಡಿದ್ದರೂ ಒಬ್ಬರು ಅದನ್ನು ಇಂಚಿನ ಎಂಟನೇ ಒಂದರಷ್ಟು ಹೆಚ್ಚು ಹಿಡಿದರೆ, ಪ್ರತಿ ಜೋಡಣೆಯ ಎರಡೂ ಬದಿ ಸೇರಿ ಕಾಲು ಇಂಚು ಒಳಗೆ ಹೋಗುತ್ತದೆ. ಐದು ತುಂಡುಗಳ ಒಂದು ಸಾಲಿನಲ್ಲಿ ನಾಲ್ಕು ಜೋಡಣೆಗಳಿರುವುದರಿಂದ ಅಲ್ಲಿಗೆ ಪೂರ್ತಿ ಒಂದು ಇಂಚು ಕಡಿಮೆ. ಅಂಚು ಸೇರಿಸುವಾಗ ಬಟ್ಟೆಯ ಬದಿಯನ್ನು ಅಳೆಯದೆ ನಟ್ಟನಡುವೆ ಅಳೆದು ಆ ಉದ್ದಕ್ಕೇ ಪಟ್ಟಿ ಕತ್ತರಿಸಬೇಕು. ಹಲವು ಕೈಗಳಲ್ಲಿ ಓಡಾಡಿದ ಬಟ್ಟೆಯ ಬದಿ ಎಳೆದುಕೊಂಡಿರುತ್ತದೆ, ಅದನ್ನೇ ನಂಬಿದರೆ ಅಂಚು ಅಲೆ ಅಲೆಯಾಗಿ ನಿಲ್ಲುತ್ತದೆ.

ಚಿತ್ರವೊಂದನ್ನು ಉದ್ದುದ್ದ ಸೀಳಿ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಕೊಡುವ ಸವಾಲೂ ಉಂಟು. ಯಾಣದ ಭೈರವೇಶ್ವರ ಶಿಖರದಂಥ ಕಪ್ಪು ಬಂಡೆ ಇದಕ್ಕೆ ಚೆನ್ನಾಗಿ ಒದಗುತ್ತದೆ, ಏಕೆಂದರೆ ಒಬ್ಬರ ಕಪ್ಪು ಹಳೆಯ ಕೊಡೆಯ ಬಟ್ಟೆಯಿಂದ, ಇನ್ನೊಬ್ಬರ ಕಪ್ಪು ಲಂಗದಿಂದ, ಮತ್ತೊಬ್ಬರದು ಮಾಸಿದ ಪ್ಯಾಂಟಿನಿಂದ ಬರುತ್ತದೆ. ರೇಖೆಗಳು ಪಟ್ಟಿಯ ಅಂಚನ್ನು ದಾಟುವ ಜಾಗಗಳನ್ನು ಮೊದಲೇ ಗುರುತು ಹಾಕಿ ಕೊಟ್ಟರೆ ಸಾಕು.

ನನಗೆ ಎಲ್ಲಕ್ಕಿಂತ ಮುಖ್ಯವಾದ ಸವಾಲು ನಮ್ಮ ಜಿಲ್ಲೆಯದೇ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕವಂದಿ ಎಂಬ ಕೌದಿಯನ್ನು ಹತ್ತಿರದಿಂದ ನೋಡಿದವರಿಗೆ ತಿಳಿದಿರುವಂತೆ, ಅಲ್ಲಿ ತುಂಡುಗಳನ್ನು ಮೊದಲು ಜೋಡಿಸಿಕೊಂಡು ಆಮೇಲೆ ಕೌದಿ ಮಾಡುವ ಕ್ರಮವೇ ಇಲ್ಲ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಹೊರಗಿನ ಮೂಲೆಯಿಂದ ಆರಂಭಿಸಿ, ಒಂದೊಂದು ಚಿಂದಿಯ ಅಂಚನ್ನು ಒಳಕ್ಕೆ ಮಡಚಿ ಸೂಜಿದಾರದಿಂದ ಉದ್ದುದ್ದ ಹೊಲಿಯುತ್ತ, ಸುತ್ತು ಸುತ್ತಾಗಿ ಒಳಗೆ ಬಂದು, ನಡುವಿನ ಕೊನೆಯ ತುಂಡಿನಲ್ಲಿ ಮುಗಿಸುತ್ತಾರೆ. ತುಂಡನ್ನು ಹಚ್ಚುವುದು, ಪದರಗಳನ್ನು ಕೂಡಿಸುವುದು ಎರಡೂ ಒಂದೇ ಹೊಲಿಗೆಯಲ್ಲಿ ಆಗುತ್ತವೆ. ನಾಲ್ಕು ಮೂಲೆಗಳಲ್ಲಿ ಮಡಚಿದ ಬಟ್ಟೆಯ ತ್ರಿಕೋನಗಳು, ಅಂದರೆ ಫೂಲಗಳು, ಇರಲೇಬೇಕು, ಇಲ್ಲದಿದ್ದರೆ ಕವಂದಿ ಬತ್ತಲೆ ಎಂಬುದು ಅವರ ಭಾವನೆ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಅಭ್ಯಾಸ ಮಾಡಿ ಅಮೆರಿಕದಲ್ಲಿ ಪರಿಚಯಿಸಿದ ಮೇಲೆ ಅಲ್ಲಿನ ಹೊಲಿಗೆಯವರು ಇದನ್ನು ಶ್ರದ್ಧೆಯಿಂದ ಕಲಿಯುತ್ತಿದ್ದಾರೆ. ನಾವಾದರೋ ಯಲ್ಲಾಪುರಕ್ಕೆ ಒಂದು ಬಸ್ಸಿನ ದಾರಿಯಲ್ಲಿದ್ದುಕೊಂಡು ಯೂಟ್ಯೂಬಿನಲ್ಲಿ ಲಾಗ್ ಕ್ಯಾಬಿನ್ ಎಂಬ ಅಮೆರಿಕದ ಕ್ವಿಲ್ಟ್ ಮಾದರಿಯನ್ನು ಹುಡುಕುತ್ತೇವೆ. ನಕ್ಷೆಯಿಲ್ಲದೆ, ಸ್ಕೇಲಿಲ್ಲದೆ, ಹೊರಗಿನಿಂದ ಒಳಕ್ಕೆ ಹೊಲಿಯಿರಿ ಎಂಬ ಕಟ್ಟು ಅಳತೆಗೆ ಒಗ್ಗಿದ ಕೈಗಳಿಗೆ ನಿಜಕ್ಕೂ ಕಠಿಣ. ಆದರೆ ಇದನ್ನು ಚಿತ್ರ ನೋಡಿ ನಕಲು ಮಾಡಬಾರದು. ಹೊಲಿಯುವ ಸಿದ್ದಿ ಮಹಿಳೆಯರನ್ನು ಕರೆದು ಕಲಿಯಬೇಕು, ಅವರ ದಿನಕ್ಕೆ ಸರಿಯಾದ ಸಂಭಾವನೆ ಕೊಡಬೇಕು, ಪ್ರದರ್ಶನದಲ್ಲಿ ಯಾರಿಂದ ಕಲಿತದ್ದೆಂದು ಬರೆದು ಹಾಕಬೇಕು. ಇಷ್ಟು ಮಾಡಲಾಗದಿದ್ದರೆ ಈ ಸವಾಲನ್ನು ಎತ್ತಿಕೊಳ್ಳದಿರುವುದೇ ಒಳ್ಳೆಯದು.

ಕಾಲದ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದ ಮಳೆ ಹಿಡಿದಾಗ ಆರಂಭಿಸಿ ದೀಪಾವಳಿಯೊಳಗೆ ಮುಗಿಸುವ ಸವಾಲುಗಳೇ ಗೆಲ್ಲುತ್ತವೆ. ಮಳೆಗಾಲದಲ್ಲಿ ತೊಳೆದ ಬಟ್ಟೆ ಒಣಗುವುದಿಲ್ಲ, ಮುಗ್ಗಲು ವಾಸನೆ ಹತ್ತಿದರೆ ಹೋಗುವುದಿಲ್ಲ. ಅದಕ್ಕಾಗಿ ಒಳಪದರಕ್ಕೆ ಬೇಕಾದ ಹಳೆಯ ಹತ್ತಿ ಸೀರೆಗಳನ್ನೂ ಹಂಚುವ ಬಟ್ಟೆಯನ್ನೂ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿಯೇ ತೊಳೆದು ಒಣಗಿಸಿಟ್ಟುಕೊಳ್ಳಬೇಕು. ಕೈಹೊಲಿಗೆಯೋ ಮಿಷಿನ್ನೋ ಎಂಬುದನ್ನು ಅವರವರಿಗೇ ಬಿಡಬಹುದು, ಕವಂದಿಗೆ ಮಾತ್ರ ಕೈಯೇ ಆಗಬೇಕು.

ಬಹುಮಾನವಿಲ್ಲದಿದ್ದರೆ ಕೊನೆಯ ದಿನ ಮಾಡುವುದೇನು ಎಂದು ಕೇಳುವವರಿದ್ದಾರೆ. ಎಲ್ಲವನ್ನೂ ಒಂದೇ ಹಗ್ಗದ ಮೇಲೆ ಹರಡಿ, ಪ್ರತಿಯೊಬ್ಬರೂ ತಮ್ಮದರ ಎದುರು ನಿಂತು, ಕೊಟ್ಟ ಕಟ್ಟು ತಮ್ಮ ಮೊದಲ ಆಲೋಚನೆಯನ್ನು ಎಲ್ಲಿ ಬದಲಿಸಿತು ಎಂಬುದನ್ನು ಹೇಳಬೇಕು. ಮತದಾನ ಬೇಡ, ಒಂದನೆಯದು ಎರಡನೆಯದು ಎಂಬ ಸಾಲೂ ಬೇಡ. ಅರ್ಧಕ್ಕೆ ನಿಂತದ್ದನ್ನೂ ಹಗ್ಗದ ಮೇಲೆ ಹಾಕಬೇಕು, ಏಕೆಂದರೆ ಹೊಲಿಗೆ ಹೇಗೆ ಒಳಗೆ ಹೋಗಿದೆಯೆಂಬುದು ಹೊಸದಾಗಿ ಕಲಿಯುವವರಿಗೆ ಮುಗಿದ ಕೌದಿಗಿಂತ ಅದರಲ್ಲಿಯೇ ಚೆನ್ನಾಗಿ ಕಾಣುತ್ತದೆ.