ಮ್ಯಾಕರೋನಿಯಲ್ಲಿ ಮರಳು

"ಅಮ್ಮಾ, ಇದ್ರಲ್ಲಿ ಮರಳಿದೆ."

ಈ ವಾರ ಒಂದು ಊಟದ ಮೇಜಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಬಟ್ಟಲು ದೂಡಿ ಹೇಳಿದ ಮಾತಿದು. ಬಟ್ಟಲಲ್ಲಿದ್ದದ್ದು ಮ್ಯಾಕರೋನಿ ಚೀಸ್, ಗರಂ ಮಸಾಲೆ ಹಾಕಿದ್ದು. ಮಾಡಿದಾಕೆ ಒಂದು ತುತ್ತು ಬಾಯಿಗಿಟ್ಟು ನೋಡುವಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ತೀರ್ಪು ಕೊಟ್ಟೇಬಿಟ್ಟರು: "ಅದಕ್ಕೇ ಹೇಳೋದು, ಅವರದ್ದನ್ನ ಅವರ ಥರಾನೇ ಮಾಡ್ಬೇಕು. ನಮ್ಮ ಮಸಾಲೆ ಅದಕ್ಕೆ ಹೊಂದಲ್ಲ." ಆಕೆ ಮರುಮಾತಾಡಲಿಲ್ಲ. "ಹೌದು, ಮಸಾಲೆ ಹಾಕಿದ್ದೇ ತಪ್ಪಾಯ್ತು" ಅಂದು ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಮೂರು ಜನ ಮೂರು ಮಾತಾಡಿದರು. ನಿಜ ಹೇಳಿದ್ದು ಆ ಹುಡುಗಿ ಒಬ್ಬಳೇ. ಬಟ್ಟಲಲ್ಲಿ ಮರಳಿತ್ತು, ನಾಲಿಗೆಗೆ ಸಿಗುತ್ತಿತ್ತು. ಮಿಕ್ಕ ಇಬ್ಬರ ಮಾತು ಮಾತ್ರ ಅಂದಿನಿಂದ ತಲೆಯಿಂದ ಇಳಿದಿಲ್ಲ. ಹೊಂದಲ್ಲ ಅಂದರೆ ಏನು ಹೊಂದಲ್ಲ? ಯಾವ ಮಸಾಲೆ, ಎಷ್ಟು, ಯಾವ ಹೊತ್ತಿಗೆ ಬಿದ್ದದ್ದು? ಇದ್ಯಾವುದನ್ನೂ ಕೇಳದೆ ಇಡೀ ಮಸಾಲೆ ಡಬ್ಬಿಯನ್ನೇ ಅಪರಾಧಿ ಮಾಡಿಬಿಟ್ಟರಲ್ಲ.

ಮೊದಲು ಆ ಮರಳಿನ ಪತ್ತೆ ಮಾಡಬೇಕು. ಚೀಸ್ ಸಾಸಿನಲ್ಲಿ ಮರಳು ಮೂರು ದಾರಿಯಲ್ಲಿ ಬರುತ್ತದೆ. ಯಾವುದು ಅಂತ ತಿಳಿಯಲು ಒಂದು ಚಿಟಿಕೆ ಸಾಸ್ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದರೆ ಸಾಕು. ಗಟ್ಟಿಯಾಗಿ ಚುಚ್ಚಿದರೆ, ಕಚ್ಚಿದಾಗ ಕಹಿ ಬಂದರೆ ಅದು ನೆನೆಯದ ಮಸಾಲೆ ಪುಡಿ. ರಬ್ಬರಿನ ಹಾಗೆ ಅಮುಕಿಕೊಂಡು ಮತ್ತೆ ಎದ್ದರೆ, ಸಾಸಿನ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಿದ್ದರೆ ಅದು ಒಡೆದ ಚೀಸ್. ಅಂಟಂಟಾಗಿ ಒಡೆದು ಒಳಗೆ ಬಿಳಿ ಹಿಟ್ಟು ಕಂಡರೆ ಮೈದಾ ಗಂಟು. ಅವತ್ತಿನ ಬಟ್ಟಲಲ್ಲಿ ಮೊದಲೆರಡೂ ಇದ್ದವು. ಎರಡಕ್ಕೂ ಮಸಾಲೆಯ ಜಾತಿ ಕಾರಣವಲ್ಲ. ಪುಡಿ ತಡವಾಗಿ ಬಿದ್ದಿತ್ತು, ಉರಿ ಹೆಚ್ಚಾಗಿತ್ತು, ಅಷ್ಟೇ.

ಗರಂ ಮಸಾಲೆಯನ್ನು ಕೊನೆಗೆ ಉದುರಿಸುವ ಅಭ್ಯಾಸ ನೀರಾದ ಸಾರು, ಗೊಜ್ಜುಗಳಲ್ಲಿ ಬೆಳೆದದ್ದು. ಅಲ್ಲಿ ಪುಡಿಗೆ ನೆನೆಯಲು ಬೇಕಾದಷ್ಟು ನೀರು ಸಿಗುತ್ತದೆ. ಚೀಸ್ ಸಾಸಿನ ಬುನಾದಿ ವೈಟ್ ಸಾಸ್, ಅಂದರೆ ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಸೇರಿಸಿ ಬೇಯಿಸಿದ್ದು. ಅದರಲ್ಲಿ ಹಾಗಿಲ್ಲ, ಇದ್ದಬದ್ದ ನೀರನ್ನೆಲ್ಲ ಮೈದಾ ಆಗಲೇ ಹಿಡಿದಿಟ್ಟುಕೊಂಡಿರುತ್ತದೆ. ಮೇಲೆ ಬಿದ್ದ ಪುಡಿ ಒಣಗಿದ್ದು ಒಣಗಿದ ಹಾಗೇ ಉಳಿಯುತ್ತದೆ. ಮನೆಯಲ್ಲಿ ಕುಟ್ಟಿದ ಪುಡಿಯಾದರೆ ಚಕ್ಕೆ, ಧನಿಯಾ ಸಿಪ್ಪೆಯ ಚೂರುಗಳು ಇನ್ನೂ ದಪ್ಪ. ಸಾಲದ್ದಕ್ಕೆ ಹಾಲಿನ ಪ್ರೋಟೀನು ಮೆಣಸಿನಕಾಯಿಯ ಖಾರವನ್ನು ಹಿಡಿದು ತಗ್ಗಿಸುತ್ತದೆ. ರುಚಿ ನೋಡಿದವರು ಸಪ್ಪೆಯಾಯ್ತು ಅಂದುಕೊಂಡು ಇನ್ನೊಂದು ಚಮಚ ಸುರಿಯುತ್ತಾರೆ. ಖಾರ ಹಾಗೇ ಉಳಿದು ಮರಳು ಮಾತ್ರ ಹೆಚ್ಚುತ್ತದೆ.

ಹಾಗಾದರೆ ಮಸಾಲೆ ಎಲ್ಲಿ ಹೋಗಬೇಕು? ವೈಟ್ ಸಾಸಿನಲ್ಲಿ ಅದಕ್ಕೆ ಜಾಗವಿರುವುದು ಹಾಲಿನಲ್ಲಿ, ಬೆಣ್ಣೆಯಲ್ಲಿ ಮತ್ತು ಎಲ್ಲಕ್ಕೂ ಮೇಲೆ. ಯಾವುದು ಎಲ್ಲಿಗೆ ಅನ್ನುವುದು ಗೊತ್ತಿದ್ದರೆ ಉಳಿದದ್ದೆಲ್ಲ ಸಲೀಸು.

250 ಗ್ರಾಂ ಮ್ಯಾಕರೋನಿಗೆ 600 ಮಿಲಿಲೀಟರ್ ಗಟ್ಟಿ ಹಾಲು, 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ, 200 ಗ್ರಾಂ ಚೀಸ್. ಹಾಲಿಗೆ 3 ಲವಂಗ, ಜಜ್ಜಿದ 2 ಏಲಕ್ಕಿ, ಒಂದು ಪಲಾವ್ ಎಲೆ, ಅರ್ಧ ಈರುಳ್ಳಿ ಹಾಕಿ ಅಂಚಿನಲ್ಲಿ ಸಣ್ಣ ಗುಳ್ಳೆ ಬರುವವರೆಗೆ ಕಾಯಿಸಿ, ಒಲೆ ಆರಿಸಿ, ಮುಚ್ಚಿ 15 ನಿಮಿಷ ಬಿಡಿ. ಆಮೇಲೆ ಸೋಸಿಬಿಡಿ. ಇಡೀ ಗರಂ ಮಸಾಲೆಯ ಪರಿಮಳ ಬಂತು, ಒಂದು ಚೂರು ಪುಡಿಯೂ ಬರಲಿಲ್ಲ. ತಮಾಷೆಯೆಂದರೆ ಇದರಲ್ಲಿ ನಮ್ಮ ಉಪಾಯವೇನೂ ಇಲ್ಲ. ಈರುಳ್ಳಿಗೆ ಲವಂಗ ಚುಚ್ಚಿ, ಎಲೆ ಹಾಕಿ ಹಾಲು ಕಾಯಿಸುವುದು, ಕೊನೆಗೆ ಜಾಯಿಕಾಯಿ ತುರಿಯುವುದು ಫ್ರೆಂಚ್ ಬೆಷಮೆಲ್ ಸಾಸಿನ, ಅಂದರೆ ಇದೇ ವೈಟ್ ಸಾಸಿನ ಹಳೆಯ ಕ್ರಮವೇ. "ಅವರ ಥರಾನೇ ಮಾಡ್ಬೇಕು" ಅಂದವರಿಗೆ ಅವರ ಥರದಲ್ಲಿ ಮೊದಲಿನಿಂದಲೂ ಲವಂಗ ಇದೆ ಅನ್ನುವುದೇ ಗೊತ್ತಿರಲಿಲ್ಲ.

ಬೆಣ್ಣೆಗೆ ಹೋಗಬೇಕಾದದ್ದು ಬಣ್ಣ ಮತ್ತು ಖಾರ. ಅರಿಶಿನದ ಬಣ್ಣವೂ ಮೆಣಸಿನಕಾಯಿಯ ಖಾರವೂ ನೀರಿಗಿಂತ ಜಿಡ್ಡಿನಲ್ಲೇ ಚೆನ್ನಾಗಿ ಬಿಟ್ಟುಕೊಳ್ಳುವಂಥವು. ಬೆಣ್ಣೆ ಕರಗಿ ನೊರೆ ಇಳಿದ ಮೇಲೆ ಸಣ್ಣ ಉರಿಯಲ್ಲಿ ಚಿಟಿಕೆ ಇಂಗು, ಕಾಲು ಚಮಚ ಅರಿಶಿನ, ಹುರಿದು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದ ಅರ್ಧ ಚಮಚ ಜೀರಿಗೆ, ಮುಕ್ಕಾಲು ಚಮಚ ಬ್ಯಾಡಗಿ ಖಾರದ ಪುಡಿ. ಜರಡಿ ಹಿಡಿಯುವುದನ್ನು ಬಿಡಬೇಡಿ. ಖಾರದ ಪುಡಿ ಬೀಳುವ ಹೊತ್ತಿಗೆ ಬಾಣಲೆ ಒಲೆಯಿಂದ ಕೆಳಗಿರಲಿ, ಬೆಣ್ಣೆಯ ಬಿಸಿಯೇ ಸಾಕು. 20 ಸೆಕೆಂಡಿನಲ್ಲಿ ಬೆಣ್ಣೆ ಕೆಂಪಗೆ ಹೊಳೆಯುತ್ತದೆ, ಹಸಿ ವಾಸನೆ ಹೋಗಿ ಘಮ್ಮೆನ್ನುತ್ತದೆ. ಆ ಗಳಿಗೆಯಲ್ಲೇ ಮೈದಾ ಬೀಳಬೇಕು. ತಡ ಮಾಡಿದರೆ ಪುಡಿ ಕಪ್ಪಾಗಿ ಕಹಿಯಾಗುತ್ತದೆ, ಆ ಕಹಿಯನ್ನು ಎಷ್ಟು ಚೀಸ್ ಹಾಕಿದರೂ ಮುಚ್ಚಲಾಗದು.

ಶುಂಠಿ ಇಷ್ಟವಿದ್ದರೆ ಅದು ಈ ಪುಡಿಗಳಿಗಿಂತ ಮೊದಲೇ, ಬೆಣ್ಣೆಯಲ್ಲಿ ಹಸಿ ವಾಸನೆ ಪೂರ್ತಿ ಹೋಗುವವರೆಗೆ ಹುರಿದಿರಬೇಕು. ಹಸಿ ಶುಂಠಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವವಿದೆ. ಬಿಸಿ ಹಾಲನ್ನು ಶುಂಠಿ ರಸದ ಮೇಲೆ ಸುರಿದು ಗಿಣ್ಣಿನಂತೆ ಮಾಡುವ ಸಿಹಿಯೊಂದು ಚೀನಾದಲ್ಲಿ ಇದರಿಂದಲೇ ಆಗುತ್ತದೆ. ಅಲ್ಲಿ ಅದು ಸೊಗಸು, ಚೀಸ್ ಸಾಸಿನಲ್ಲಿ ಅನಾಹುತ. ಹುರಿದರೆ ಕಿಣ್ವ ಸಾಯುತ್ತದೆ.

ಮೈದಾ ಎರಡು ನಿಮಿಷ ಹುರಿದು, ಸೋಸಿದ ಬೆಚ್ಚನೆಯ ಹಾಲನ್ನು ನಾಲ್ಕು ಕಂತಿನಲ್ಲಿ ಸೇರಿಸಬೇಕು. ಮೊದಲ ಕಂತು ತೀರ ಸ್ವಲ್ಪ, ಮುದ್ದೆ ಕಟ್ಟಿಕೊಳ್ಳುವಷ್ಟು. ಅದನ್ನು ಪೂರ್ತಿ ನುಣ್ಣಗೆ ಮಾಡಿಕೊಂಡೇ ಮುಂದಿನದು. ಗಂಟಾಗುವುದು ಯಾವಾಗಲೂ ಇಲ್ಲೇ, ಅವಸರದಲ್ಲಿ. ಆಮೇಲೆ ಐದಾರು ನಿಮಿಷ ಸಣ್ಣಗೆ ಕುದಿಸಿದರೆ ಪುಡಿಗಳೂ ಹಾಲಿನೊಂದಿಗೆ ಬೆಂದು ಮೆತ್ತಗಾಗುತ್ತವೆ. ಸೌಟಿನ ಹಿಂಬದಿಯಲ್ಲಿ ಬೆರಳಾಡಿಸಿದ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಮಕ್ಕಳಿಗೆ ಮಾಡುವುದಾದರೆ ಈ ಹಂತದಲ್ಲೇ ಒಮ್ಮೆ ಸೋಸಿಬಿಡಿ. ಮ್ಯಾಕರೋನಿ ಬಿದ್ದ ಮೇಲೆ ಸೋಸುವ ದಾರಿ ಮುಚ್ಚಿಹೋಗುತ್ತದೆ.

ಇನ್ನು ಚೀಸ್. ಒಲೆ ಆರಿಸಿ, ಸಾಸಿನ ಕುದಿ ಪೂರ್ತಿ ನಿಂತು ಒಂದೆರಡು ನಿಮಿಷವಾದ ಮೇಲೆ, ಆಗಷ್ಟೇ ತುರಿದ ಚೀಸನ್ನು ಹಿಡಿ ಹಿಡಿಯಾಗಿ ಹಾಕಿ ಕಲಸಬೇಕು. ಮತ್ತೆ ಕುದಿಸಿದಿರೋ, ಚೀಸಿನ ಪ್ರೋಟೀನು ಬಿಗಿದುಕೊಂಡು ಒಳಗಿನ ಜಿಡ್ಡು, ನೀರು ಎರಡನ್ನೂ ಹಿಂಡಿ ಹೊರಗೆ ಹಾಕುತ್ತದೆ. ಆ ಹುಡುಗಿಯ ನಾಲಿಗೆಗೆ ಸಿಕ್ಕ ಮರಳಿನಲ್ಲಿ ಅರ್ಧ ಇದೇ. ತುಂಬ ಹಳೆಯ ಚೆಡ್ಡರ್ ರುಚಿಯಲ್ಲಿ ಭಾರಿ, ಆದರೆ ಬೇಗ ಒಡೆಯುತ್ತದೆ. 150 ಗ್ರಾಂ ಚೆಡ್ಡರ್ ಜೊತೆ 50 ಗ್ರಾಂ ಸಾದಾ ಪ್ರೊಸೆಸ್ಡ್ ಚೀಸ್ ಸೇರಿಸಿದರೆ ಒಳ್ಳೆಯದು. ಅದರಲ್ಲಿರುವ ಲವಣಗಳು ಜಿಡ್ಡು-ನೀರನ್ನು ಒಟ್ಟಿಗೆ ಹಿಡಿದಿಡುತ್ತವೆ. ಪ್ಯಾಕೆಟ್ಟಿನಲ್ಲಿ ತುರಿದೇ ಬರುವ ಚೀಸಿಗೆ ಅಂಟಿಕೊಳ್ಳದಿರಲಿ ಅಂತ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ, ಸಾಸ್ ಅಷ್ಟು ನುಣುಪಾಗುವುದಿಲ್ಲ. ಒಡೆದೇಹೋಯಿತು ಅಂದರೆ ಎರಡು ಮೂರು ಚಮಚ ತಣ್ಣನೆಯ ಹಾಲು ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಬಹಳಷ್ಟು ಸಲ ಕೂಡಿಕೊಳ್ಳುತ್ತದೆ. ಉಪ್ಪು ಚೀಸಿನ ನಂತರವೇ, ರುಚಿ ನೋಡಿ.

ಮ್ಯಾಕರೋನಿಯನ್ನು ಪೊಟ್ಟಣದಲ್ಲಿ ಬರೆದದ್ದಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಿ, ಬಸಿದ ನೀರು ಒಂದು ಲೋಟ ಎತ್ತಿಡಿ. ಕಲಸುವಾಗ ಸಾಸ್ ಸ್ವಲ್ಪ ತೆಳುವಾಯಿತೇನೋ ಅನ್ನಿಸಬೇಕು. ಹತ್ತು ನಿಮಿಷದಲ್ಲಿ ಮ್ಯಾಕರೋನಿ ಅದನ್ನು ಕುಡಿದುಕೊಳ್ಳುತ್ತದೆ.

ಹುಳಿಯ ವಿಷಯಕ್ಕೆ ಬಂದರೆ ಆಮ್‌ಚೂರ್, ನಿಂಬೆ, ಮೊಸರು, ಹಸಿ ಟೊಮೇಟೊ ಯಾವುದೂ ಸಾಸಿನ ಒಳಗೆ ಬೇಡ. ಹುಳಿ ಮೇಲೆ ಬರಲಿ. ಒಂದು ಚಮಚ ತುಪ್ಪದಲ್ಲಿ ಸಾಸಿವೆ ಸಿಡಿಸಿ, ಕರಿಬೇವು, ಒಂದು ಹಿಡಿ ಒರಟು ಬ್ರೆಡ್ ಪುಡಿ ಹಾಕಿ ಗರಿಗರಿಯಾಗುವವರೆಗೆ ಹುರಿದು, ಆರಿದ ಮೇಲೆ ಅರ್ಧ ಚಮಚ ಆಮ್‌ಚೂರ್, ಹೊಸದಾಗಿ ಕುಟ್ಟಿದ ಕಾಳುಮೆಣಸು ಬೆರೆಸಿ ಬಡಿಸುವಾಗ ಉದುರಿಸಿ. ಈ ಒಗ್ಗರಣೆಗೆ ಬೆಣ್ಣೆ ಬೇಡ, ಸಾಸಿವೆ ಸಿಡಿಯುವಷ್ಟು ಕಾಯುವಷ್ಟರಲ್ಲಿ ಬೆಣ್ಣೆಯೊಳಗಿನ ಹಾಲಿನಂಶ ಸೀದುಹೋಗುತ್ತದೆ. ಕರಿಬೇವು ಒಣಗಿರಲಿ, ಇಲ್ಲದಿದ್ದರೆ ಎಣ್ಣೆ ಎಗರುತ್ತದೆ, ಬ್ರೆಡ್ಡೂ ಮೆತ್ತಗಾಗುತ್ತದೆ.

ಇಷ್ಟೆಲ್ಲ ಬರೆಯುವಾಗಲೂ ಆ ಮಾತು ಮತ್ತೆ ಮತ್ತೆ ಕಿವಿಗೆ ಬರುತ್ತದೆ. "ನಮ್ಮ ಮಸಾಲೆ ಅದಕ್ಕೆ ಹೊಂದಲ್ಲ." ಆ ಹಿರಿಯರು ಕೆಟ್ಟವರಲ್ಲ. ಅಚ್ಚುಕಟ್ಟಿನ ಮನುಷ್ಯ, ಊಟದ ರುಚಿ ಬಲ್ಲವರು. ಆದರೆ ಒಲೆಯ ಮುಂದೆ ನಿಂತು ಬಲ್ಲವರಲ್ಲ, ಹಾಗಾಗಿ ಕೆಟ್ಟದ್ದು ಹೇಗೆ ಕೆಟ್ಟಿತು ಅನ್ನುವ ಪ್ರಶ್ನೆಯೇ ಅವರಿಗೆ ಹುಟ್ಟುವುದಿಲ್ಲ. ನಮ್ಮದು, ಅವರದು ಅಂತ ಅವರು ಎಳೆದ ಗೆರೆಯಾದರೂ ಎಲ್ಲಿದೆ? ಅವರ ವೈಟ್ ಸಾಸಿನ ಜಾಯಿಕಾಯಿ ಇಂಡೋನೇಷ್ಯಾದ ಬಾಂದಾ ದ್ವೀಪಗಳದ್ದು. 1837ರಿಂದ ಮಾರಾಟದಲ್ಲಿರುವ ಇಂಗ್ಲೆಂಡಿನ ವುಸ್ಟರ್ ಸಾಸಿನಲ್ಲಿ ಹುಣಸೆ ಇದೆ. ನಾವು ನಮ್ಮದೆಂದು ಎದೆತಟ್ಟಿಕೊಳ್ಳುವ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಮೂರೂ ಅಮೆರಿಕ ಖಂಡದವು, 1498ರಲ್ಲಿ ಪೋರ್ಚುಗೀಸರ ಹಡಗು ಕಲ್ಲಿಕೋಟೆಗೆ ಬಂದಾಗ ನಮ್ಮ ಯಾವ ಅಡುಗೆಮನೆಯಲ್ಲೂ ಇರದಿದ್ದವು. ಇಷ್ಟು ದೂರ ಬಂದು ನೆಲೆಸಿದ ಮೆಣಸಿನಕಾಯಿಗೆ ಒಂದು ಬಾಣಲೆ ಬೆಣ್ಣೆಯಲ್ಲಿ ಜಾಗ ಸಿಗದೆ ಹೋಗುತ್ತದೆಯೇ?

ಆಕೆಯ ಮಾತು ಇನ್ನೂ ಹೆಚ್ಚು ಕಾಡುತ್ತದೆ. "ಮಸಾಲೆ ಹಾಕಿದ್ದೇ ತಪ್ಪಾಯ್ತು." ಶ್ರದ್ಧೆಯಿಂದ ಅಡುಗೆ ಮಾಡುವ ಹೆಂಗಸು. ಸಾಸಿವೆ ಸಿಡಿಯುವ ಸದ್ದಿನಲ್ಲೇ ಎಣ್ಣೆಯ ಬಿಸಿ ಅಳೆಯಬಲ್ಲಾಕೆ, ಕೂಟು ಮಾಡುವಾಗ ಪುಡಿಯನ್ನು ಎಂದೂ ಹುರಿಯದೆ ಹಾಕುವವರಲ್ಲ. ಹೊಸ ಪಾತ್ರೆ, ಹೊಸ ತಿನಿಸು ಅಂದ ಕೂಡಲೇ ತನಗೆ ಗೊತ್ತಿರುವುದನ್ನೆಲ್ಲ ಪಕ್ಕಕ್ಕಿಟ್ಟು, ಯಾವುದೋ ವಿಡಿಯೋದಲ್ಲಿ ಹೇಳಿದಂತೆ ಕೊನೆಗೊಂದು ಚಮಚ ಉದುರಿಸಿದ್ದಾರೆ. ಆ ಕೈಗೆ ಗೊತ್ತಿದ್ದ ವಿದ್ಯೆಯೇ ಇಲ್ಲಿಗೂ ಬೇಕಾಗಿತ್ತು. ತುಂಬಿದ ಮೇಜಿನ ಮುಂದೆ ಬಂದ ಒಂದು ಮಾತಿಗೆ ಆಕೆ ಅದನ್ನು ಬಿಟ್ಟುಕೊಟ್ಟುಬಿಟ್ಟರು. ವಿಡಿಯೋ ಮಾಡುವವರ ಮೇಲೂ ಸಿಟ್ಟಿದೆ. ಪಿಜ್ಜಾ, ಪಾಸ್ತಾ, ಸೂಪು ಯಾವುದಕ್ಕಾದರೂ ಕೊನೆಗೆ ಗರಂ ಮಸಾಲೆ ಉದುರಿಸಿ "ಇಂಡಿಯನ್ ಸ್ಟೈಲ್" ಅನ್ನುವುದು ಸೋಮಾರಿತನ. ನೋಡಿ ಮಾಡಿದವರ ಬಟ್ಟಲಲ್ಲಿ ಮರಳು ಬಂದಾಗ ಅವರ್‍ಯಾರೂ ಅಲ್ಲಿರುವುದಿಲ್ಲ.

ಗರಂ ಮಸಾಲೆಗೆ ನಿಜವಾಗಿ ಜಾಗವಿರುವ ತಿನಿಸೆಂದರೆ ಶೆಫರ್ಡ್ಸ್ ಪೈ. ಕೆಳಗೆ ಖೀಮಾ, ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಓವನ್ನಿನಲ್ಲಿ ಬೇಯಿಸುವ ಈ ತಿನಿಸಿನಲ್ಲಿ ಜಿಡ್ಡು, ನೀರು, ಸಮಯ ಮೂರೂ ಇವೆ. 500 ಗ್ರಾಂ ಖೀಮಾಕ್ಕೆ ಒಂದು ಚಮಚ ಗರಂ ಮಸಾಲೆ, ಈರುಳ್ಳಿ ಕಂದಿದ ಮೇಲೆ. ನೀರೆಲ್ಲ ಇಂಗಿ ಅಂಚಿನಲ್ಲಿ ಜಿಡ್ಡು ಕಾಣುವವರೆಗೆ ಬಾಡಿಸಲೇಬೇಕು, ಒದ್ದೆಯಿದ್ದರೆ ಮೇಲಿನ ಆಲೂಗಡ್ಡೆ ಒಳಗೆ ಮುಳುಗುತ್ತದೆ. ಮಾಂಸ ತಿನ್ನದವರು ಇಡೀ ಮಸೂರ್ ಬೇಳೆಯನ್ನು ಮುರಿಯದಂತೆ ಬೇಯಿಸಿ ಹಾಕಿದರೆ ಅದೇ ತೂಕ ಬರುತ್ತದೆ.

ಇವೆಲ್ಲ ದೊಡ್ಡ ಕೆಲಸ ಅನಿಸಿದವರು, ಒಮ್ಮೆ ಕೆಟ್ಟದ್ದಕ್ಕೆ ಹೆದರಿದವರು ಮ್ಯಾಶ್ಡ್ ಪೊಟೇಟೊದಿಂದ ಶುರು ಮಾಡಲಿ. ಅಲ್ಲಿ ಒಡೆಯುವ ಚೀಸಿಲ್ಲ, ಗಂಟಾಗುವ ಮೈದಾ ಇಲ್ಲ. ಒಂದು ಕಿಲೋ ಆಲೂಗಡ್ಡೆಯನ್ನು ತಣ್ಣೀರಿನಿಂದಲೇ ಬೇಯಿಸಲು ಇಟ್ಟು, ಬಸಿದು, ಬಿಸಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆಯಾಡಲು ಬಿಟ್ಟು ಕೈಯಿಂದಲೇ ಹಿಸುಕಬೇಕು. ಮಿಕ್ಸಿಗೆ ಹಾಕಿದರೆ ಪಿಷ್ಟ ಹೊರಬಂದು ಗೋಂದಾಗುತ್ತದೆ, ಅದಕ್ಕೆ ಮದ್ದಿಲ್ಲ. ಮೊದಲು 80 ಗ್ರಾಂ ಬೆಣ್ಣೆ, ಆಮೇಲೆ 150 ಮಿಲಿಲೀಟರ್ ಬಿಸಿ ಹಾಲು, ಉಪ್ಪು. ಅರಿಶಿನ ಹಾಕಬೇಡಿ, ಹಾಕಿದರೆ ಅದು ನಮ್ಮ ಪಲ್ಯದ ದಾರಿ ಹಿಡಿಯುತ್ತದೆ. ಬೆಳ್ಳಗೆ ಇರಲಿ. ಎರಡು ಚಮಚ ತುಪ್ಪಕ್ಕೆ ಒಂದು ಚಮಚ ಉದ್ದಿನಬೇಳೆ, ಅದು ಕೆಂಪಾಗುತ್ತಿದ್ದಂತೆ ಅರ್ಧ ಚಮಚ ಜೀರಿಗೆ, ಮುರಿದ ಒಂದು ಬ್ಯಾಡಗಿ, ಚಿಟಿಕೆ ಇಂಗು. ನಡುವೆ ಸೌಟಿನಿಂದ ಒಂದು ಗುಳಿ ಮಾಡಿ ಈ ಒಗ್ಗರಣೆಯನ್ನು ಅದರೊಳಗೆ ಸುರಿಯಿರಿ, ಕಲಸಬೇಡಿ. ಬೇಳೆ ಗರಿಯಾಗಿರುವಾಗಲೇ ತಿನ್ನಬೇಕು. ಕಾಲು ಗಂಟೆ ಬಿಟ್ಟರೆ ಅದು ಹಬೆಗೆ ಮೆತ್ತಗಾಗುತ್ತದೆ, ಹಾಗಾಗಿ ಎಲ್ಲರೂ ತಟ್ಟೆಯ ಮುಂದೆ ಕೂತ ಮೇಲೆಯೇ ಒಗ್ಗರಣೆಗೆ ತುಪ್ಪ ಕಾಯಲಿ.