ಗೀಟು ಹಾಕಿ ತಿದ್ದಿದ ಚೆಕ್ಕು

ಮಂಗಳೂರು ಬಂದರಿನ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಈಗ ಹೆಚ್ಚಿನವರ ದುಡ್ಡು ನೇರ ಖಾತೆಗೇ ಹೋಗುತ್ತದೆ. ಆದರೂ ಚೆಕ್ಕೇ ಬೇಕು ಎನ್ನುವ ಹಳೆಯ ಬೆಳೆಗಾರರಿದ್ದಾರೆ.

ಕೆಲಸಕ್ಕೆ ಸೇರಿದ ಹೊಸತು. ಪುತ್ತೂರು ಕಡೆಯ ಒಬ್ಬರಿಗೆ 48,600 ರೂಪಾಯಿಯ ಚೆಕ್ಕು ಬರೆಯಬೇಕಿತ್ತು. ಗಡಿಬಿಡಿಯಲ್ಲಿ 8ರ ಜಾಗದಲ್ಲಿ 6 ಬರೆದೆ. ಗೀಟು ಹಾಕಿ, ಮೇಲೆ ಸರಿಯಾದ್ದು ಬರೆದು, ಪಕ್ಕದಲ್ಲಿ ಧಣಿಗಳ ಪೂರ್ತಿ ಸಹಿ ಹಾಕಿಸಿದೆ. ಹಿಂದಿನ ಗುಮಾಸ್ತರು ಕಲಿಸಿದ್ದೇ ಹಾಗೆ.

ನಾಲ್ಕು ದಿನ ಕಳೆದು ಅವರೇ ಬಸ್ಸು ಹತ್ತಿ ಬಂದರು. ಕೈಯಲ್ಲಿ ಚೆಕ್ಕು, ಅದಕ್ಕೆ ಪಿನ್ ಮಾಡಿದ ರಿಟರ್ನ್ ಮೆಮೊ, ಅಂದರೆ ಚೆಕ್ಕು ಪಾಸಾಗದೆ ವಾಪಸಾಗಿದೆ ಎಂಬ ಬ್ಯಾಂಕಿನ ಚೀಟಿ. ಮೇಲಿಂದ ಅವರ ಖಾತೆಯಿಂದಲೇ ಚಾರ್ಜು ಕಟ್ಟಾಗಿತ್ತು. "ಮಗಳ ಫೀಸು ಕಟ್ಟಲಿಕ್ಕಿತ್ತು ಮಾರಾಯ್ತಿ" ಎಂದರು, ಅಷ್ಟೇ. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಸಿಟ್ಟಿನಲ್ಲೇ ನಮ್ಮ ಬ್ಯಾಂಕಿಗೆ ಹೋದೆ. ಖಾತೆಯಲ್ಲಿ ದುಡ್ಡಿದೆ, ಸಹಿಯೂ ಧಣಿಗಳದ್ದೇ. ಒಂದು ಫೋನ್ ಮಾಡಿ ಕೇಳಬಹುದಿತ್ತು ಅಲ್ವಾ? ಕೌಂಟರಿನ ಮೇಡಂ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಚೆಕ್ಕಿನ ಕಾಗದ ಹಾಕಿದ ಬ್ಯಾಂಕಿನಲ್ಲೇ ಉಳಿಯುತ್ತದೆ, ಇಲ್ಲಿಗೆ ಬರುವುದು ಅದರ ಚಿತ್ರ ಮಾತ್ರ. ಆ ಚಿತ್ರದಲ್ಲಿ ನನ್ನ ಗೀಟು ಒಂದು ಕಪ್ಪು ಕಲೆ. ಅದನ್ನು ನಾನು ತಿದ್ದಿದ್ದೋ ದಾರಿಯಲ್ಲಿ ಬೇರೆ ಯಾರೋ ತಿದ್ದಿದ್ದೋ, ನೋಡಿ ಹೇಳಲು ನನಗೇ ಆಗಲಿಲ್ಲ. ಹೀಗೆ ಚಿತ್ರದ ಮೇಲೆ ಕ್ಲಿಯರಿಂಗ್ ಆಗುವ ಚೆಕ್ಕಿನಲ್ಲಿ ಹೆಸರು, ಮೊತ್ತ ತಿದ್ದಬಾರದು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2010ರ ಡಿಸೆಂಬರ್ 1ರಿಂದಲೇ ಇದೆ. ಪಕ್ಕದಲ್ಲಿ ಸಹಿ ಇದ್ದರೂ ನಡೆಯುವುದಿಲ್ಲ.

ನಿಯಮ ಯಾಕೆ ಎಂದು ಆವತ್ತು ಅರ್ಥವಾಯಿತು. ಆದರೆ ಬರೆದವಳ ತಪ್ಪಿಗೆ ತೆಗೆದುಕೊಂಡವರು ಚಾರ್ಜು ಕಟ್ಟುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಆ ದುಡ್ಡನ್ನು ಧಣಿಗಳು ಅವರ ಕೈಗೇ ಕೊಟ್ಟರು.

ಈಗ ಒಂದಕ್ಷರ ತಪ್ಪಿದರೂ ಆ ಹಾಳೆ ಕ್ಯಾನ್ಸಲ್. 2021ರಿಂದ 50,000 ಮತ್ತು ಅದಕ್ಕಿಂತ ಜಾಸ್ತಿಯ ಚೆಕ್ಕುಗಳಿಗೆ ಪಾಸಿಟಿವ್ ಪೇ ಬಂದಿದೆ. ನಂಬರು, ತಾರೀಕು, ಹೆಸರು, ಮೊತ್ತವನ್ನು ಬ್ಯಾಂಕಿಗೆ ಮೊದಲೇ ತಿಳಿಸುವುದು. ಸೀಸನ್ನಿನಲ್ಲಿ ಇದು ದೊಡ್ಡ ರಗಳೆ, ಆದರೂ ಬಿಡುವುದಿಲ್ಲ. ಚೆಕ್ಕನ್ನು ಕಪಾಟಿನಲ್ಲಿ ಇಡುವ ಅಜ್ಜಂದಿರಿಗೆ, 2012ರಿಂದ ಚೆಕ್ಕು ನಡೆಯುವುದು ಬರೆದ ತಾರೀಕಿನಿಂದ ಆರು ತಿಂಗಳಲ್ಲ, ಮೂರೇ ತಿಂಗಳು ಎಂದು ಪ್ರತಿ ಸಲ ಹೇಳುತ್ತೇನೆ.

ಪುತ್ತೂರಿನವರಿಗೆ ಹೊಸ ಚೆಕ್ಕು ಬರೆದದ್ದು ಅವರ ಎದುರಿಗೇ. ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿ, ಮಡಚದೆ ಪಾಸ್‌ಬುಕ್ಕಿನ ನಡುವೆ ಇಟ್ಟುಕೊಂಡರು.